ಸ್ಪಾರ್ಕ್ ಪ್ಲಗ್ ನಾನೇ ಬದಲಿಸಿದೆ: ನನ್ನ ಅನುಭವ

ನನ್ನ ಹಳೆ ಸ್ಪೋರ್ಟ್ಸ್ ಕಾರು ಐಡಲ್‌ನಲ್ಲಿ (ನಿಂತಲ್ಲೇ ಎಂಜಿನ್ ಓಡುವಾಗ) ನಡುಗುತ್ತಿತ್ತು. ಸ್ಕ್ಯಾನರ್ ಹಾಕಿದಾಗ ಪಿ0303 ಕೋಡ್ ಬಂತು. ಅಂದರೆ ಮೂರನೇ ಸಿಲಿಂಡರ್ ಮಿಸ್‌ಫೈರ್, ಅದರಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಸುಮ್ನೆ ಹೊಸ ಕಾಯಿಲ್ (ಪ್ಲಗ್‌ಗೆ ವಿದ್ಯುತ್ ಕೊಡುವ ಭಾಗ) ಕೊಳ್ಳುವ ಬದಲು, ಮೂರನೇ ಸಿಲಿಂಡರ್‌ನ ಕಾಯಿಲನ್ನು ಎರಡನೆಯದರ ಕಾಯಿಲ್ ಜೊತೆ ಅದಲುಬದಲು ಮಾಡಿ ಓಡಿಸಿದೆ. ಕೋಡ್ 0303ರಲ್ಲೇ ನಿಂತಿತು. ಕಾಯಿಲ್ ಸರಿಯಿದೆ, ಅನುಮಾನ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಮೇಲೆ.

ಇದು ಆರು ಸಿಲಿಂಡರ್‌ಗಳ ಬಾಕ್ಸರ್ ಎಂಜಿನ್, ಅಂದರೆ ಸಿಲಿಂಡರ್‌ಗಳು ಎರಡೂ ಪಕ್ಕಕ್ಕೆ ಅಡ್ಡ ಮಲಗಿರುತ್ತವೆ. ಪ್ಲಗ್‌ಗಳು ಮೇಲಲ್ಲ, ಪಕ್ಕದಲ್ಲಿವೆ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ಬಿಚ್ಚಿ ಕೈ ತೂರಿಸಬೇಕು. ಬರೀ ಜಾಕ್ ನಂಬಿ ಕೆಲಸ ಮಾಡಬೇಡಿ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂದು, ಬಿಸಿಯಲ್ಲಿ ತಿರುಗಿಸಿದರೆ ಅದರ ಥ್ರೆಡ್ (ತಿರುಪಿನ ಗೆರೆಗಳು) ಕಿತ್ತು ಬರಬಹುದು. ಪ್ಲಗ್ ತೆಗೆಯುವ ಮೊದಲು ಅದು ಕೂತ ಗುಂಡಿಯ ಧೂಳನ್ನು ಗಾಳಿಯಿಂದ ಊದಿದೆ. ಇಲ್ಲದಿದ್ದರೆ ಅದೆಲ್ಲ ಸಿಲಿಂಡರ್ ಒಳಗೇ ಹೋಗುತ್ತದೆ, ಅಲ್ವಾ?

ಮೂರನೇ ಪ್ಲಗ್ ಹೊರಬಂದಾಗ ಕಾರಣ ಕಣ್ಣೆದುರೇ ಇತ್ತು. ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು! ಕಿಡಿ ತುದಿಗೆ ಹೋಗದೆ ಅಲ್ಲಿಂದಲೇ ಸೋರುತ್ತಿತ್ತು.

ಆರನ್ನೂ ಬದಲಿಸಿದೆ. ಹೊಸದನ್ನು ರಬ್ಬರ್ ಟ್ಯೂಬಿನ ತುದಿಗೆ ಸಿಕ್ಕಿಸಿ ಬೆರಳಲ್ಲೇ ತಿರುಗಿಸಿದೆ. ಥ್ರೆಡ್ ಅಡ್ಡ ಕೂತರೆ ಟ್ಯೂಬ್ ಜಾರುತ್ತದೆ, ಹೆಡ್ ಉಳಿಯುತ್ತದೆ. ಕೊನೆಗೆ ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಿಗಿಯಾಯಿತು ಎಂದು ತೋರಿಸುವ ಸ್ಪ್ಯಾನರ್), ಮ್ಯಾನುಯಲ್ ಹೇಳಿದಷ್ಟೇ ಬಿಗಿ. ಇರಿಡಿಯಂ ಪ್ಲಗ್‌ನ ತುದಿ ತೀರಾ ನಾಜೂಕು, ಕಿಡಿ ಹಾರುವ ಗ್ಯಾಪ್ ಸರಿಪಡಿಸಲೆಂದು ಬಗ್ಗಿಸಲು ಹೋಗಲಿಲ್ಲ.

ಆರನೆಯದಕ್ಕೆ ಮಾತ್ರ ಒಂದು ಗಂಟೆ ಹಿಡಿಯಿತು, ಗೆಣ್ಣೂ ತರಚಿತು. ಕೋಡ್ ಅಳಿಸಿ ಸ್ಟಾರ್ಟ್ ಮಾಡಿದೆ. ನಡುಕವಿಲ್ಲ.