ಹೊಟ್ಟೆ ತುಂಬಿದರೂ ಕುರಿ ಸೊರಗುತ್ತಿದೆಯಾ? ಒಣ ಹುಲ್ಲಿನ ಜೊತೆ ಇದನ್ನು ಕೊಡಿ

ಮಡಕಶಿರಾ, ರಾಯದುರ್ಗದ ಕಡೆ ಬೇಸಿಗೆ ಬಂತೆಂದರೆ ಬಯಲಲ್ಲಿ ಹಸಿರು ಕಾಣುವುದಿಲ್ಲ. ಉಳಿಯುವುದು ಬಣವೆಯ ರಾಗಿ ಹುಲ್ಲು, ಜೋಳದ ಸಪ್ಪೆ. ಅದನ್ನೇ ಎಷ್ಟು ಹಾಕಿದರೂ ಕುರಿಯ ಬೆನ್ನುಮೂಳೆ ಕೈಗೆ ಸಿಗುತ್ತದೆ, ಅಲ್ವಾ? ಹೊಟ್ಟೆಯೊಳಗೆ ಹುಲ್ಲನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಸಾಲುತ್ತಿಲ್ಲ, ಅದೇ ಕಾರಣ. ಸಾರಜನಕ ಸಿಗುವುದು ಮೇವಿನ ಪ್ರೋಟೀನ್‌ನಿಂದ, ಅದು ಶೇ. 7ರಷ್ಟಾದರೂ ಇರಬೇಕು. ಈ ಹುಲ್ಲಲ್ಲಿರುವುದು ಬರೀ 3–4. ಕರಗದ ಹುಲ್ಲು ಹೊಟ್ಟೆಯಲ್ಲೇ ಕೂರುತ್ತದೆ, ಆಮೇಲೆ ಕುರಿ ಮೇವಿಗೆ ಬಾಯಿಯೇ ಹಾಕುವುದಿಲ್ಲ.

ಮೊದಲು ಮನೆಯಲ್ಲೇ ಏನಿದೆ ನೋಡಿ. ಕಡ್ಲೆಕಾಯಿ ಹೊಟ್ಟು (ಕಾಯಿ ಬಿಡಿಸಿದ ಮೇಲೆ ಉಳಿಯುವ ಒಣ ಬಳ್ಳಿ) ಇದ್ದರೆ ದಯವಿಟ್ಟು ಮಾರಬೇಡಿ, ಹುಲ್ಲಿನ ಜೊತೆ ಬೆರೆಸಿ ಹಾಕಿ. ಬೇಲಿಯ ಗ್ಲಿರಿಸಿಡಿಯಾ, ಅಗಸೆ, ಸುಬಾಬುಲ್ ಸೊಪ್ಪೂ ಒಳ್ಳೆಯದೇ. ಸುಬಾಬುಲ್ ಮಾತ್ರ ಮೇವಿನ ಮೂರನೇ ಒಂದು ಭಾಗ ಮೀರದಿರಲಿ, ಜಾಸ್ತಿಯಾದರೆ ಕೂದಲು ಉದುರಬಹುದು. ಗಬ್ಬದ ಕುರಿಗೆ, ಹಾಲೂಡುವ ಕುರಿಗೆ ದಿನಕ್ಕೆ 100 ಗ್ರಾಂನಷ್ಟು ಕಡ್ಲೆಕಾಯಿ ಹಿಂಡಿ ಕೊಡಿ. ಬೂಷ್ಟು ಹಿಡಿದ ಹಿಂಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಇದ್ಯಾವುದೂ ಇಲ್ಲದಿದ್ದರೆ ಹುಲ್ಲನ್ನೇ ಸಾರಜನಕವಿರುವ ಯೂರಿಯಾ ಗೊಬ್ಬರದಲ್ಲಿ ಹದ ಮಾಡಬಹುದು. 100 ಕೆಜಿ ಒಣ ಹುಲ್ಲಿಗೆ 4 ಕೆಜಿ ಯೂರಿಯಾ, 50 ಲೀಟರ್ ನೀರು. ಪೂರ್ತಿ ಕರಗಿಸಿ, ಹುಲ್ಲನ್ನು ಪದರ ಪದರವಾಗಿ ಹರಡುತ್ತಾ ಎಲ್ಲ ಕಡೆ ಸಮನಾಗಿ ಚಿಮುಕಿಸಿ, ಚೆನ್ನಾಗಿ ತುಳಿದು, ಗಾಳಿ ಆಡದಂತೆ ಟಾರ್ಪಾಲ್ ಮುಚ್ಚಿ 21 ದಿನ ಬಿಡಿ. ತೆಗೆದ ಮೇಲೆ ಗಾಟು ವಾಸನೆ ಹೋಗುವ ತನಕ ಗಾಳಿಗೆ ಹರಡಿ, ಆಮೇಲೆ ಹಾಕಿ. ಮೊದಲ ವಾರ ಸ್ವಲ್ಪ ಸ್ವಲ್ಪ ಬೆರೆಸಿ ಅಭ್ಯಾಸ ಮಾಡಿಸಿ.

ಯೂರಿಯಾವನ್ನು ನೇರವಾಗಿ ತಿನ್ನಿಸುವುದು ನನಗೆ ಕಡೆಯ ದಾರಿ. 30 ಕೆಜಿಯ ಕುರಿಗೆ ದಿನಕ್ಕೆ 8 ಗ್ರಾಂ ಮೀರಬಾರದು. 2–3 ಗ್ರಾಂನಿಂದ ಶುರು ಮಾಡಿ ಮೂರು ವಾರದಲ್ಲಿ ಅಲ್ಲಿಗೆ ಮುಟ್ಟಿಸಬೇಕು, ಬೆಲ್ಲ ಅಥವಾ ರಾಗಿ ಹಿಟ್ಟಿನ ಜೊತೆ, ಅದೂ ಹುಲ್ಲು ತಿಂದ ಮೇಲೆ, ಎರಡು ಹೊತ್ತಿಗೆ ಹಂಚಿ. ಸುಮ್ನೆ ಕುಡಿಯುವ ನೀರಿಗೆ ಕಲಸಿ ಇಡಬೇಡಿ, ಬಾಯಾರಿದ ಕುರಿ ಒಂದೇ ಸಲ ಕುಡಿದು ಸಾಯುತ್ತದೆ. ಆರು ತಿಂಗಳೊಳಗಿನ ಮರಿಗೆ ಕೊಡಲೇಬೇಡಿ.

ಯೂರಿಯಾ ತಿಂದ ಸ್ವಲ್ಪ ಹೊತ್ತಿಗೇ ನಡುಕ, ಬಾಯಲ್ಲಿ ನೊರೆ, ಹೊಟ್ಟೆ ಉಬ್ಬರ ಕಂಡರೆ ಪಶುವೈದ್ಯರಿಗೆ ಆಗಲೇ ಫೋನ್ ಮಾಡಿ. ತಣ್ಣೀರಲ್ಲಿ ವಿನೆಗರ್ ಬೆರೆಸಿ ಕುಡಿಸುವುದು ಇದಕ್ಕೆ ಮೊದಲ ಚಿಕಿತ್ಸೆ, ಎಷ್ಟು ಅಂತ ಅವರನ್ನೇ ಕೇಳಿ. ಯೂರಿಯಾ ಮನೆಗೆ ತರುವ ದಿನವೇ ಎರಡು ಬಾಟಲಿ ವಿನೆಗರ್ ತಂದಿಡಿ, ಮೂಟೆಯನ್ನು ರೊಪ್ಪದಿಂದ ದೂರ ಇಡಿ.