7 ಐರನ್‌ಗೆ ಶಾಫ್ಟ್ ಎಷ್ಟು ವಾಲಬೇಕು?

ಗಾಲ್ಫ್ ಕ್ಲಬ್ (ಹೊಡೆಯುವ ಕೋಲು) ಚೆಂಡಿಗೆ ತಾಗುವ ಗಳಿಗೆಯಲ್ಲಿ ಕೈಗಳು ಅದರ ಕೆಳತುದಿಯ ಕ್ಲಬ್ ಹೆಡ್‌ಗಿಂತ ಮುಂದೆ, ಗುರಿಯ ಕಡೆಗೆ ಇದ್ದರೆ ಶಾಫ್ಟ್ (ಕ್ಲಬ್‌ನ ಉದ್ದನೆಯ ದಂಡ) ಮುಂದಕ್ಕೆ ವಾಲಿರುತ್ತದೆ. ಗಾಲ್ಫ್ ಆಡುವವರು ಶಾಫ್ಟ್ ಲೀನ್ ಎನ್ನುವುದು ಇದಕ್ಕೇ. ವೃತ್ತಿಪರರ ಫೋಟೊಗಳಲ್ಲಿ ಇದು ಎದ್ದು ಕಾಣುತ್ತದೆ. ಅದನ್ನು ನೋಡಿದ ಹೊಸಬರು ಹೇಗಾದರೂ ಕೈ ಮುಂದೆ ತಳ್ಳಿ ಅದೇ ಭಂಗಿಗೆ ಬರಲು ಒದ್ದಾಡುತ್ತಾರೆ, ಹೊಡೆತ ಕೆಡುವುದೂ ಅಲ್ಲೇ. ಚೆಂಡು ಫೇಸ್‌ಗೆ (ಕ್ಲಬ್ ಹೆಡ್‌ನ ಹೊಡೆಯುವ ಮುಖಕ್ಕೆ) ತಾಗಿಕೊಂಡಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗ. ಅಷ್ಟರಲ್ಲಿ ಕೈ ಏನನ್ನೂ ತಿದ್ದಲಾರದು. ಹಿಡಿತ, ಭಾರ, ಮೈ ತಿರುವು ಸರಿಯಿದ್ದರೆ ವಾಲು ತಾನಾಗಿ ಬರುತ್ತದೆ.

(ಇಲ್ಲಿ ಹೇಳಿರುವುದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ಎಡ–ಬಲ ಅದಲುಬದಲು ಮಾಡಿಕೊಳ್ಳಬೇಕು.)

ಮೊದಲು ಲಾಫ್ಟ್ ಲೆಕ್ಕ

ಶಾಫ್ಟ್ ಒಂದು ಡಿಗ್ರಿ ಮುಂದೆ ವಾಲಿದರೆ ಫೇಸ್‌ನ ಲಾಫ್ಟ್ (ಫೇಸ್ ಮೇಲ್ಮುಖವಾಗಿ ಓರೆಯಾಗಿರುವ ಕೋನ) ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. 34 ಡಿಗ್ರಿಯ ಹಳೇ ಮಾದರಿ 7 ಐರನ್ (ಮಧ್ಯಮ ದೂರಕ್ಕೆ ಹೊಡೆಯುವ ಕ್ಲಬ್) 8 ಡಿಗ್ರಿ ವಾಲಿದರೆ ಚೆಂಡಿನ ಪಾಲಿಗೆ ಅದು 26 ಡಿಗ್ರಿಯ ಕ್ಲಬ್. ಅದೇ ಶಾಫ್ಟ್ 4 ಡಿಗ್ರಿ ಹಿಂದಕ್ಕೆ ವಾಲಿದರೆ 38 ಡಿಗ್ರಿ. ಕೈಯಲ್ಲಿ 7 ಐರನ್ ಇದ್ದರೂ ಹೊಡೆದದ್ದು ಹೆಚ್ಚು ಲಾಫ್ಟ್‌ನ 8 ಐರನ್ ಆಯಿತು. ಚೆಂಡು ಮೇಲೇರಿ ಅಲ್ಲೇ ಬೀಳುವುದು ಇದರಿಂದಲೇ.

ಒಳ್ಳೆಯ ಆಟಗಾರರಲ್ಲಿ 7 ಐರನ್‌ನ ವಾಲು ಸಾಮಾನ್ಯವಾಗಿ 5ರಿಂದ 10 ಡಿಗ್ರಿ. ಹಾಗೆಂದು ಎಲ್ಲರೂ 10ರ ಬೆನ್ನು ಹತ್ತಬೇಕಿಲ್ಲ. ಈಗ ಅಂಗಡಿಯಲ್ಲಿ ಸಿಗುವ ಅನೇಕ 7 ಐರನ್‌ಗಳ ಲಾಫ್ಟ್ 28–30 ಡಿಗ್ರಿಯಷ್ಟೇ. ಅದರಲ್ಲಿ 10 ಕಳೆದರೆ ಉಳಿಯುವುದು 18–20. ವೇಗವಾಗಿ ಬೀಸುವವರ ಚೆಂಡು ಅಷ್ಟರಲ್ಲೂ ಏಳುತ್ತದೆ. ನಿಧಾನ ಬೀಸುವವರ ಚೆಂಡು ತಗ್ಗಿನಲ್ಲೇ ಓಡಿ ಗ್ರೀನ್ (ಕುಳಿಯಿರುವ ನುಣ್ಣನೆ ಹುಲ್ಲುಹಾಸು) ಮೇಲೆ ನಿಲ್ಲದೆ ಆಚೆ ಹೋಗುತ್ತದೆ. 7 ಐರನ್ ಚೆಂಡು ಗಾಳಿಯಲ್ಲಿ 130 ಗಜ ದಾಟದವರಿಗೆ 3ರಿಂದ 5 ಡಿಗ್ರಿ ಸಾಕು ಎನ್ನುವುದು ನಮ್ಮ ಅಭಿಪ್ರಾಯ. ಕ್ಲಬ್ ಕೊಳ್ಳುವಾಗ ಅದರ ಮೇಲಿನ ನಂಬರ್ ಬಿಟ್ಟು ಲಾಫ್ಟ್ ಎಷ್ಟೆಂದು ಕೇಳಿ.

ಫೋನಿನಲ್ಲಿ ಅಳೆಯಿರಿ

ನಿಮ್ಮ ಎದುರಿಗೆ ಸುಮಾರು 3 ಮೀಟರ್ ದೂರದಲ್ಲಿ, ಕೈಗಳ ಎತ್ತರಕ್ಕೆ, ಚೆಂಡಿಗೆ ನೇರವಾಗಿ ಫೋನ್ ನಿಲ್ಲಿಸಿ. ಫೋನ್ ಗುರಿಯ ಕಡೆ ಸರಿದಿದ್ದರೆ ವಾಲು ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಹಿಂದೆ ಸರಿದಿದ್ದರೆ ಕಡಿಮೆ. ಸ್ಲೋ ಮೋಷನ್ ಅನ್ನು ಸೆಕೆಂಡಿಗೆ 240 ಫ್ರೇಮ್‌ಗೆ ಇಟ್ಟು ಒಳ್ಳೇ ಬಿಸಿಲಿನಲ್ಲಿ ತೆಗೆಯಿರಿ. ಮಬ್ಬು ಬೆಳಕಿನಲ್ಲಿ ಶಾಫ್ಟ್ ಬರೀ ನೆರಳಿನಂತೆ ಮೂಡುತ್ತದೆ. ಫೋನ್ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಶಾಫ್ಟ್ ಬಿಲ್ಲಿನಂತೆ ಬಗ್ಗಿ ಕಂಡರೂ ಗಾಬರಿ ಬೇಡ.

ಚೆಂಡಿಗೆ ತಾಗುವ ಫ್ರೇಮ್‌ನಲ್ಲಿ ನಿಲ್ಲಿಸಿ. ಗ್ರಿಪ್‌ನ (ಕ್ಲಬ್‌ನ ಹಿಡಿಯ) ಮೇಲ್ತುದಿಯಿಂದ ನೇರ ಕೆಳಗೆ ಬರುವಂತೆ ಒಂದು ಕಾಗದದ ಅಂಚನ್ನು ಪರದೆಯ ಮೇಲೆ ಹಿಡಿಯಿರಿ. ಶಾಫ್ಟ್ ಹೆಡ್‌ಗೆ ಸೇರುವ ಜಾಗಕ್ಕೂ ಆ ಅಂಚಿಗೂ ನಡುವೆ ಎಷ್ಟು ಚೆಂಡು ಹಿಡಿಸುತ್ತದೆ ನೋಡಿ. ಚೆಂಡಿನ ಅಗಲ 42.67 ಮಿಲಿಮೀಟರ್, 7 ಐರನ್ ಉದ್ದಕ್ಕೆ ಒಂದು ಚೆಂಡಿನ ಅಗಲವೆಂದರೆ ಸರಿಸುಮಾರು 3 ಡಿಗ್ರಿ. ಎರಡು ಚೆಂಡು ಹಿಡಿಸಿದರೆ 6 ಡಿಗ್ರಿ.

ಒಂದೇ ಹೊಡೆತ ನೋಡಿ ತೀರ್ಮಾನಕ್ಕೆ ಬರಬೇಡಿ. 240 ಫ್ರೇಮ್ ವೇಗದಲ್ಲೂ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಕ್ಲಬ್ ಹೆಡ್ ಒಂದು ಗೇಣಿನ ಹತ್ತಿರ ಸಾಗಿರುತ್ತದೆ, ಕೋನವೂ ಹಲವು ಡಿಗ್ರಿ ಬದಲಾಗಿರುತ್ತದೆ. ಐದಾರು ಹೊಡೆತ ತೆಗೆದು ಸರಾಸರಿ ನೋಡಿ.

ನೆಲವನ್ನೂ ಕೇಳಿ

ಹುಲ್ಲಿನ ಮೇಲೆ ಗುರಿಗೆ ಅಡ್ಡಲಾಗಿ ರಂಗೋಲಿ ಪುಡಿಯಲ್ಲಿ ಗೆರೆ ಎಳೆಯಿರಿ. ಗೆರೆಯೇ ಚೆಂಡು ಎಂದುಕೊಂಡು ನಿಂತು, ಚೆಂಡಿಲ್ಲದೆ ಹತ್ತು ಸಲ ಬೀಸಿ. ಹುಲ್ಲು ಕಿತ್ತ ಗುರುತು ಗೆರೆಯ ಮೇಲೋ ಗುರಿಯ ಕಡೆಗೋ ಶುರುವಾಗಬೇಕು. ಗೆರೆಗೆ ಹಿಂದೆಯೇ ಶುರುವಾಗುತ್ತಿದ್ದರೆ, ಫೋಟೊದಲ್ಲಿ ವಾಲು ಎಷ್ಟೇ ಚೆನ್ನಾಗಿ ಕಂಡರೂ ಅದರಿಂದ ಉಪಯೋಗವಿಲ್ಲ. ಅಭ್ಯಾಸದ ಜಾಗವಾದ ರೇಂಜ್‌ನ ಮ್ಯಾಟ್ ಮೇಲೆ ಈ ತಪ್ಪು ಬಚ್ಚಿಟ್ಟುಕೊಳ್ಳುತ್ತದೆ. ಕ್ಲಬ್ ಹಿಂದೆ ಬಿದ್ದರೂ ಜಾರಿ ಬಂದು ಚೆಂಡನ್ನು ಎತ್ತಿಬಿಡುತ್ತದೆ. ಮ್ಯಾಟ್ ಮೇಲಾದರೆ ಚೆಂಡಿಗೆ 10–12 ಸೆಂಟಿಮೀಟರ್ ಹಿಂದೆ ಮಡಿಸಿದ ಟವೆಲ್ ಇಡಿ. ಟವೆಲ್ ಮುಟ್ಟದೆ ಹೊಡೆಯಬೇಕು.

ವಾಲು ಸಾಲದಿದ್ದರೆ

ಎಲ್ಲಕ್ಕಿಂತ ಮೊದಲು ಹಿಡಿತ ನೋಡಿ. ಕೈ ಮುಂದಾದಷ್ಟೂ ಫೇಸ್ ಬಲಕ್ಕೆ ತೆರೆದುಕೊಳ್ಳುತ್ತದೆ. ಫೇಸ್ ಮೊದಲೇ ತೆರೆದಿದ್ದರೆ ಚೆಂಡನ್ನು ನೇರಕ್ಕೆ ತರಲು ನಿಮಗೆ ಅರಿವಿಲ್ಲದೆಯೇ ಮಣಿಕಟ್ಟು ಬಿಚ್ಚಿಕೊಂಡು ಕ್ಲಬ್ ಹೆಡ್ ಕೈಗಳನ್ನು ದಾಟಿಬಿಡುತ್ತದೆ. ಇದೇ ಫ್ಲಿಪ್. ಫೇಸ್ ತಿದ್ದದೆ ಫ್ಲಿಪ್ ಬಿಡಿಸಲು ಹೊರಟರೆ ಚೆಂಡುಗಳೆಲ್ಲ ಬಲಗಡೆಯ ಮರಗಳ ಪಾಲು. ನಿಂತಾಗ ತಲೆ ಬಗ್ಗಿಸಿ ನೋಡಿದರೆ ಎಡಗೈಯ ಎರಡೂವರೆ–ಮೂರು ಗೆಣ್ಣು ಕಾಣುವಂತೆ ಹಿಡಿಯಿರಿ. ಒಂದೇ ಗೆಣ್ಣು ಕಂಡರೆ ಹಿಡಿತ ಸಡಿಲಿಸಿ ಕೈಯನ್ನು ಬಲಕ್ಕೆ ತಿರುಗಿಸಿ ಹಿಡಿಯಿರಿ.

ಆಮೇಲೆ ಭಾರ. ಚೆಂಡಿಗೆ ತಾಗುವಾಗ ಮೈಭಾರದ ಮುಕ್ಕಾಲು ಪಾಲಾದರೂ ಎಡಗಾಲಿನ ಮೇಲಿರಬೇಕು, ಸೊಂಟ ಗುರಿಯ ಕಡೆ ತಿರುಗಿರಬೇಕು. ಬಲಗಾಲಿನಲ್ಲೇ ನಿಂತು ವಾಲು ತರಿಸಲು ಹೋದರೆ ಕ್ಲಬ್ ಚೆಂಡಿನ ಹಿಂದೆಯೇ ಮಣ್ಣು ತಿನ್ನುತ್ತದೆ.

ಅಭ್ಯಾಸಕ್ಕೆ ಒಂದು ಅಲೈನ್‌ಮೆಂಟ್ ಸ್ಟಿಕ್ (ಗುರಿ ನೋಡಿಕೊಳ್ಳಲು ನೆಲದ ಮೇಲಿಡುವ ಉದ್ದನೆಯ ತೆಳು ಕಡ್ಡಿ) ಬೇಕು. ಅದನ್ನು ಗ್ರಿಪ್ ಜೊತೆ ಸೇರಿಸಿ ಹಿಡಿಯಿರಿ; ಮೇಲ್ತುದಿ ನಿಮ್ಮ ಎಡ ಪಕ್ಕೆಲುಬಿನ ಪಕ್ಕಕ್ಕೆ ಚಾಚಿರಲಿ. ಸೊಂಟದೆತ್ತರದಿಂದ ಸೊಂಟದೆತ್ತರಕ್ಕೆ, ಚೆಂಡಿಲ್ಲದೆ, ನಿಧಾನವಾಗಿ ಬೀಸಿ. ಮಣಿಕಟ್ಟು ಬೇಗ ಬಿಚ್ಚಿಕೊಂಡರೆ ಕಡ್ಡಿ ಪಕ್ಕೆಗೆ ಬಡಿಯುತ್ತದೆ. ಮೈ ತಿರುಗಿ ಎಡ ಮಣಿಕಟ್ಟು ನೇರವಾಗಿಯೇ ಉಳಿದರೆ ಬಡಿಯುವುದಿಲ್ಲ. ಇಪ್ಪತ್ತು ಸಲ ಹೀಗೆ ಮಾಡಿ, ನಂತರ ಕಡ್ಡಿ ತೆಗೆದು ಅದೇ ಅರ್ಧ ಬೀಸಿನಲ್ಲಿ ಚೆಂಡು ಹೊಡೆಯಿರಿ. ಪೂರ್ತಿ ಬೀಸಿಗೆ ಅವಸರ ಬೇಡ.

ಚೆಂಡನ್ನು ಬಲಗಾಲಿನ ಕಡೆ ಸರಿಸಿದರೆ ವಾಲು ಕೂಡಲೇ ಹೆಚ್ಚುತ್ತದೆ ನಿಜ. ಆದರೆ ಕ್ಲಬ್ ಕಡಿದಾಗಿ ಇಳಿಯುತ್ತದೆ, ಬೀಸಿನ ದಾರಿ ಬಲಕ್ಕೆ ತಿರುಗುತ್ತದೆ. 7 ಐರನ್‌ಗೆ ಚೆಂಡು ಎರಡು ಪಾದಗಳ ನಡುವೆ, ಹೆಚ್ಚೆಂದರೆ ಒಂದು ಚೆಂಡಿನಷ್ಟು ಎಡಕ್ಕೆ ಇರಲಿ.

ಹೆಚ್ಚಾದರೆ

ಕೈಯನ್ನು ಎಳೆದುಕೊಂಡು ಹೋಗುವವರ ಚೆಂಡು ತಗ್ಗಿನಲ್ಲಿ ಬಲಕ್ಕೆ ಓಡುತ್ತದೆ, ನೆಲದ ಗುರುತು ಗುದ್ದಲಿ ಹಾಕಿದಷ್ಟು ಆಳವಾಗಿರುತ್ತದೆ. ಕಾರಣ ಕ್ಲಬ್‌ನ ತಳದಲ್ಲಿದೆ. ವಾಲಿದ ಪ್ರತಿ ಡಿಗ್ರಿಗೂ ಬೌನ್ಸ್ (ಮುಂದಿನ ಅಂಚು ನೆಲಕ್ಕೆ ಹೂತುಕೊಳ್ಳದಂತೆ ತಳಕ್ಕೆ ಕೊಟ್ಟಿರುವ ಕೋನ) ಒಂದು ಡಿಗ್ರಿ ಕಡಿಮೆಯಾಗುತ್ತದೆ. 12 ಡಿಗ್ರಿ ಬೌನ್ಸ್‌ನ ಸ್ಯಾಂಡ್ ವೆಜ್ (ಮರಳಿನಿಂದ ಚೆಂಡು ಎತ್ತುವ ಕ್ಲಬ್) ಅನ್ನು 10 ಡಿಗ್ರಿ ವಾಲಿಸಿದರೆ ಉಳಿಯುವುದು 2. ಮುಂದಿನ ಅಂಚು ಕತ್ತಿಯಾಗುತ್ತದೆ. ಮಳೆಗಾಲದ ಮೆತ್ತನೆ ನೆಲದಲ್ಲಿ ಕ್ಲಬ್ ಅಲ್ಲೇ ಹೂತುಕೊಳ್ಳುತ್ತದೆ. ಗ್ರೀನ್ ಪಕ್ಕದ ಸಣ್ಣ ಚಿಪ್ ಹೊಡೆತಕ್ಕೆ 3ರಿಂದ 5 ಡಿಗ್ರಿ ಸಾಕು. ಮರಳಿನಿಂದ ಎತ್ತುವಾಗ ವಾಲು ಬೇಕಾಗಿಯೇ ಇಲ್ಲ.

ಉಳಿದ ಕ್ಲಬ್‌ಗಳು

ಕ್ಲಬ್ ಉದ್ದವಾದಷ್ಟೂ, ಚೆಂಡು ಎಡಕ್ಕೆ ಸರಿದಷ್ಟೂ ವಾಲು ಇಳಿಯುತ್ತದೆ. ಹೈಬ್ರಿಡ್‌ಗೆ (ಉದ್ದನೆಯ ಐರನ್ ಬದಲು ಬಳಸುವ ಕ್ಲಬ್) 2–4 ಡಿಗ್ರಿ. ಅತಿ ದೂರ ಹೊಡೆಯುವ ಡ್ರೈವರ್‌ಗೆ ಸೊನ್ನೆಯ ಆಸುಪಾಸು: ಚೆಂಡು ಎಡ ಹಿಮ್ಮಡಿಯ ನೇರಕ್ಕೆ ಟೀ (ಚೆಂಡಿಡುವ ಸಣ್ಣ ಗೂಟ) ಮೇಲಿರುತ್ತದೆ, 10.5 ಡಿಗ್ರಿಯ ಲಾಫ್ಟ್‌ನಲ್ಲಿ 5 ಕಳೆದರೆ ಚೆಂಡು ಮೇಲೇಳುವುದೇ ಕಷ್ಟ. ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟ್ಟರ್‌ನ ಲಾಫ್ಟ್ ಬರೀ 3–4 ಡಿಗ್ರಿ. ಹೊಡೆಯುವ ಮುನ್ನ ಕೈ ಮುಂದೊತ್ತುವ ಅಭ್ಯಾಸವಿದ್ದವರು 4 ಡಿಗ್ರಿ ಒತ್ತಿದರೂ ಲಾಫ್ಟ್ ಪೂರ್ತಿ ಮುಗಿಯಿತು. ಚೆಂಡು ನೆಲಕ್ಕೆ ಒತ್ತಿ ಚಿಮ್ಮುತ್ತದೆ, ಮೊದಲ ಒಂದು ಅಡಿ ಉರುಳುವ ಬದಲು ಕುಪ್ಪಳಿಸುತ್ತದೆ. ಅಂಥವರು 5–6 ಡಿಗ್ರಿ ಲಾಫ್ಟ್‌ನ ಪಟ್ಟರ್ ಮಾಡಿಸಿಕೊಳ್ಳಬೇಕು, ಇಲ್ಲವೇ ಒತ್ತುವುದನ್ನು ಬಿಡಬೇಕು.