ಮಕ್ಕಳು ಯೂನಿವರ್ಸಿಟಿ ಸೇರಿದ್ಮೇಲೆ ಮನೆಯವ್ರು ಏನ್ ಮಾಡ್ಬಹುದು

ಫೀಸ್ ಕಟ್ಟಿ ಹಾಸ್ಟೆಲ್‌ಗೆ ಬಿಟ್ಟು ಬಂದ್ರೆ ನಮ್ ಕೆಲಸ ಮುಗೀತು ಅಂತ ಕೆಲವ್ರು ಅಂದ್ಕೊಳ್ತಾರೆ, ಇನ್ನು ಕೆಲವ್ರು ದಿನಕ್ಕೆ ಐದು ಸಲ ಫೋನ್ ಮಾಡಿ ಆ ಮಗುಗೆ ಉಸಿರಾಡೋಕೂ ಬಿಡಲ್ಲ. ಎರಡೂ ಬೇಡ.

ಮೊದಲು ಫೋನಿನ ವಿಷಯ, ಯಾಕಂದ್ರೆ ದೂರ ಇದ್ದಾಗ ನಮ್ ಕೈಲಿರೋದು ಅದೊಂದೇ. ಊಟ ಆಯ್ತಾ, ಓದಿದ್ಯಾ, ಮಾರ್ಕ್ಸ್ ಎಷ್ಟು ಬಂತು ಅಂತ ಇಷ್ಟೇ ಕೇಳ್ತಿದ್ರೆ 'ಹೂಂ' ಬಿಟ್ರೆ ಬೇರೆ ಉತ್ತರ ಬರಲ್ಲ. ಅದರ ಬದಲು 'ಇವತ್ತು ಯಾರ್ ಜೊತೆ ಊಟ ಮಾಡ್ದೆ' ಅಂತ ಕೇಳಿ ನೋಡಿ, ಫ್ರೆಂಡ್ಸ್ ಆಗಿದ್ದಾರಾ ಇಲ್ಲ ಒಬ್ಬರೇ ಕೂತು ತಿಂತಿದ್ದಾರಾ ಅಂತ ಆ ಒಂದು ಪ್ರಶ್ನೆಲೇ ಗೊತ್ತಾಗುತ್ತೆ. ಕಷ್ಟ ಹೇಳ್ಕೊಂಡಾಗ ತಕ್ಷಣ ಬುದ್ಧಿ ಹೇಳೋಕೆ ಹೋಗ್ಬೇಡಿ, 'ನಾನೇನಾದ್ರೂ ಹೇಳ್ಲಾ, ಸುಮ್ನೆ ಕೇಳಿಸ್ಕೊಳ್ಲಾ' ಅಂತ ಕೇಳಿ. ತುಂಬಾ ಸಲ ಅವ್ರಿಗೆ ಬೇಕಾಗಿರೋದು ಎರಡನೇದೇ. ಮೊದಮೊದಲ ವಾರಗಳಲ್ಲಿ 'ನಾನು ವಾಪಸ್ ಬಂದ್ಬಿಡ್ತೀನಿ' ಅಂತ ಅತ್ರೆ ಬೈಬೇಡಿ, ಕರ್ಕೊಂಡು ಬರೋಕೆ ಅವತ್ತೇ ಓಡ್ಲೂಬೇಡಿ, ಮನೆ ನೆನಪು ಆ ಟೈಮಲ್ಲಿ ತುಂಬಾ ಜನರನ್ನ ಕಾಡುತ್ತೆ, ಈ ಸೆಮಿಸ್ಟರ್ ಒಂದು ಮುಗೀಲಿ ಆಮೇಲೆ ಕೂತು ಮಾತಾಡೋಣ ಅನ್ನಿ.

ದುಡ್ಡು ತಿಂಗಳಿಗೆ ಇಷ್ಟು, ಈ ತಾರೀಖಿಗೆ ಅಂತ ಫಿಕ್ಸ್ ಮಾಡ್ಬಿಡಿ, ಪ್ರತಿ ಸಲ ಕೇಳ್ಬೇಕು ಅಂದ್ರೆ ಅವ್ರು ಕೇಳೋದನ್ನೇ ಬಿಟ್ಟು ಸಾಲ ಮಾಡ್ತಾರೆ.

ಎಕ್ಸಾಮ್ ಡೇಟ್ಸ್ ತಿಳ್ಕೊಂಡು ಆ ವಾರ ಮನೆ ಜಗಳ, ಮದುವೆ ಓಡಾಟ ಯಾವುದೂ ಅವ್ರ ತಲೆಗೆ ಹಾಕ್ಬೇಡಿ. ರಾತ್ರಿಯೆಲ್ಲಾ ಓದು ಅಂತ ಹೇಳೋದೂ ತಪ್ಪು. ಆ ವಯಸ್ಸಿಗೆ 7ರಿಂದ 9 ಗಂಟೆ ನಿದ್ದೆ ಬೇಕು, ಓದಿದ್ದು ಮೆದುಳಲ್ಲಿ ಗಟ್ಟಿಯಾಗೋದು ನಿದ್ದೆಲೇ. ಒಂದೇ ಸಲ ಗುಡ್ಡೆ ಹಾಕ್ಕೊಂಡು ಓದೋದಕ್ಕಿಂತ ದಿನಗಳಿಗೆ ಹಂಚ್ಕೊಂಡು ಓದಿದ್ರೆ ಹೆಚ್ಚು ನೆನಪಿರುತ್ತೆ ಅಂತ ಹರ್ಮನ್ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನಿಯ ಮನಶ್ಶಾಸ್ತ್ರಜ್ಞ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲೇ ಬರೆದಿಟ್ಟಿದ್ದ.

ಸಬ್ಜೆಕ್ಟ್ ಒಂದು ಹೋಯ್ತು ಅಂತ ಫೋನ್ ಬಂದ್ರೆ ನಿಮ್ ಬಾಯಿಂದ ಬರೋ ಮೊದಲ ಮಾತು ತುಂಬಾ ಮುಖ್ಯ. 'ಹೇಳಿದ್ಯಲ್ಲ, ಒಳ್ಳೇದಾಯ್ತು' ಅನ್ನಿ. ಅಷ್ಟು ಸಾಕು ಅವತ್ತಿಗೆ. ಪಕ್ಕದ ಮನೆಯವ್ರ ಮಗಳ ರಿಸಲ್ಟ್ ದಯವಿಟ್ಟು ಎತ್ಬೇಡಿ. ಮತ್ತೆ ಬರೆಯೋದು ಹೇಗೆ, ಲೆಕ್ಚರರ್ ಹತ್ರ ಏನ್ ಕೇಳ್ಬೇಕು ಅನ್ನೋದೆಲ್ಲಾ ಎರಡು ದಿನ ಬಿಟ್ಟು ಮಾತಾಡಿ, ಹೋಗಿ ಕೇಳೋದು ಮಾತ್ರ ಅವ್ರೇ ಆಗ್ಲಿ, ಅವ್ರ ಬೆನ್ನ ಹಿಂದೆ ನೀವು ಡಿಪಾರ್ಟ್‌ಮೆಂಟ್‌ಗೆ ಫೋನ್ ಮಾಡಿದ್ರೆ ಮುಂದಿನ ಸಲ ನಿಮ್ಗೆ ಹೇಳೋದೇ ಇಲ್ಲ.

ಇನ್ನೊಂದು ವಿಷಯ ಹೇಳ್ಲೇಬೇಕು. ಎರಡು ವಾರ ಕಳೆದ್ರೂ ದಿನಾ ಮನಸ್ಸು ಕುಗ್ಗಿದೆ, ಇಷ್ಟ ಇದ್ದದ್ರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಏರುಪೇರು, ಕ್ಲಾಸಿಗೆ ಹೋಗ್ತಿಲ್ಲ ಅಂದ್ರೆ ಅದನ್ನ ಸೋಮಾರಿತನ ಅಂದ್ಕೊಬೇಡಿ, ಡಾಕ್ಟರ್‌ಗೆ ತೋರಿಸಿ. 'ಸಾಯ್ಬೇಕು ಅನ್ನಿಸ್ತಿದ್ಯಾ' ಅಂತ ನೇರವಾಗಿ ಕೇಳೋಕೆ ಹೆದರ್ಬೇಡಿ, ಕೇಳಿದ್ರಿಂದ ಆ ಯೋಚನೆ ಹುಟ್ಟಲ್ಲ, ಬದಲಿಗೆ ಬಾಯಿಬಿಟ್ಟು ಹೇಳೋಕೆ ದಾರಿ ಸಿಗುತ್ತೆ. ಹೌದು ಅಂದ್ರೆ ಒಂಟಿಯಾಗಿ ಬಿಡ್ಬೇಡಿ, ನೀವು ಹೋಗಿ ಸೇರೋ ತನಕ ರೂಮ್‌ಮೇಟ್‌ನೋ ವಾರ್ಡನ್‌ನೋ ಜೊತೆಗಿರೋಕೆ ಹೇಳಿ. ಅದಕ್ಕೇ ಅಡ್ಮಿಷನ್ ಆದ ವಾರವೇ ಕೌನ್ಸೆಲಿಂಗ್ ಸೆಂಟರ್, ವಾರ್ಡನ್, ಒಬ್ಬ ರೂಮ್‌ಮೇಟ್, ಈ ಮೂರು ನಂಬರ್ ನಿಮ್ ಫೋನಲ್ಲಿ ಸೇವ್ ಮಾಡಿಟ್ಕೊಳ್ಳಿ.